ಮುಗ್ಗಟ್ಟಿನ ಕಾಲದ ಗುಲಾಬಿ ಗಾಜು: ಸಂಗ್ರಹ ಮತ್ತು ಸಾಕ್ಷ್ಯ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನೆನಪಿಗೆ ಬರುವುದು ಸಹಜ. ಊಟದ ತಟ್ಟೆಯನ್ನು ಆಕರವೆಂದು ಎಣಿಸುವವರು ವಿರಳ. 1930ರ ದಶಕದ ಅಮೆರಿಕದಲ್ಲಿ ಅಸಂಖ್ಯ ಮನೆಗಳನ್ನು ಹೊಕ್ಕ ಗುಲಾಬಿ ಬಣ್ಣದ ಅಗ್ಗದ ಗಾಜಿನ ಪಾತ್ರೆಗಳು ಇಂದು ಸಂಗ್ರಾಹಕರ ಕಪಾಟುಗಳಲ್ಲಿವೆ. ಈ ಸಂಗ್ರಹಗಳು ಆ ಕಾಲದ ಬಾಳನ್ನು ಎಷ್ಟರ ಮಟ್ಟಿಗೆ ತಿಳಿಸುತ್ತವೆ ಎಂಬುದನ್ನು ಇಲ್ಲಿ ಪರಾಮರ್ಶಿಸೋಣ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ವೇಳೆಗೆ ಆ ದೇಶದ ದುಡಿಮೆಗಾರರಲ್ಲಿ ಸುಮಾರು ನಾಲ್ವರಿಗೊಬ್ಬರು ನಿರುದ್ಯೋಗಿಗಳಾಗಿದ್ದರು. ಅಂತಹ ದಿನಗಳಲ್ಲಿಯೂ ಬಣ್ಣದ ಗಾಜು ಬಡವರ ಕೈಗೆ ಎಟುಕಿದ್ದು ಯಂತ್ರದಿಂದ. ಕರಗಿದ ಗಾಜನ್ನು ಯಂತ್ರವೇ ಅಚ್ಚಿನಲ್ಲಿ ಒತ್ತುತ್ತಿತ್ತು. ಅಚ್ಚಿನಲ್ಲಿ ಕೊರೆದ ಹೂಬಳ್ಳಿಗಳು ಅಗ್ಗದ ಗಾಜಿನ ಗುಳ್ಳೆ, ಗೆರೆಗಳನ್ನು ಮರೆಮಾಚುತ್ತಿದ್ದುವು. ಪೆನ್ಸಿಲ್ವೇನಿಯದ ಜೆನೆಟ್ ಕಂಪನಿಯ ‘ಚೆರಿ ಬ್ಲಾಸಮ್’, ಒಹಾಯೋದ ಹಾಕಿಂಗ್ ಕಂಪನಿಯ ‘ಮೇಫೇರ್’ ಮೊದಲಾದ ವಿನ್ಯಾಸಗಳು ಹೀಗೆ ಹುಟ್ಟಿದವು. ಇಂತಹ ಪಾತ್ರೆಗಳು ಅಗ್ಗದ ಅಂಗಡಿಗಳಲ್ಲಿ ಕೆಲವೇ ಸೆಂಟುಗಳಿಗೆ ದೊರೆಯುತ್ತಿದ್ದುವು. ಓಟ್ಸ್ ಪೊಟ್ಟಣದೊಳಗೆ ಕಾಣಿಕೆಯಾಗಿಯೂ, ಚಲನಚಿತ್ರ ಮಂದಿರದಲ್ಲಿ ಟಿಕೆಟಿನ ಜೊತೆಗೂ ಬರುತ್ತಿದ್ದುವು.

‘ಡಿಪ್ರೆಷನ್ ಗ್ಲಾಸ್’ ಎಂಬ ಹೆಸರು ತಯಾರಕರು ಇಟ್ಟದ್ದಲ್ಲ, ಸಂಗ್ರಾಹಕರಿಂದ ಬಳಕೆಗೆ ಬಂದದ್ದು. ಹೇಜಲ್ ಮೇರಿ ವೆದರ್‌ಮನ್ ಅವರ ಗ್ರಂಥ 1970ರಲ್ಲಿ, ಜೀನ್ ಫ್ಲಾರೆನ್ಸ್ ಅವರದು 1972ರಲ್ಲಿ ಪ್ರಕಟವಾದವು. ಚದುರಿಹೋಗಿದ್ದ ವಿನ್ಯಾಸಗಳಿಗೆ ಹೆಸರು, ತಯಾರಕ, ಕಾಲಗಳನ್ನು ಗೊತ್ತುಪಡಿಸಿದ ಈ ಶ್ರಮಕ್ಕೆ ಇತಿಹಾಸಕಾರರು ಋಣಿಗಳು.

ಆದರೆ ವಸ್ತುವೊಂದೇ ನಂಬತಕ್ಕ ಸಾಕ್ಷಿಯಲ್ಲ. ಒಹಾಯೋದ ಫೆಡರಲ್ ಕಂಪನಿಯು 1932ರಿಂದ ತಯಾರಿಸಿದ್ದ ‘ಮ್ಯಾಡ್ರಿಡ್’ ವಿನ್ಯಾಸವನ್ನು 1976ರಲ್ಲಿ ಮತ್ತೆ ಹೊರತಂದಿತು. ಆಗ ಪಾತ್ರೆಯ ಮೇಲೆ ಆ ವರ್ಷದ ಅಂಕಿಯನ್ನು ಒತ್ತಲಾಗಿತ್ತು. ತರುವಾಯ ಅಚ್ಚುಗಳು ಇಂಡಿಯಾನ ಕಂಪನಿಯ ವಶವಾದಾಗ ಅಂಕಿಯು ಅಳಿಯಿತು. ಗುಲಾಬಿ ಬಣ್ಣದ ಪಾತ್ರೆಗಳೂ ಹೊರಬಂದವು. ಅಂಕಿಯಿಲ್ಲದ ಗುಲಾಬಿ ತಟ್ಟೆಯನ್ನು ಕಂಡಮಾತ್ರಕ್ಕೆ ಅದು ಮುಗ್ಗಟ್ಟಿನ ಕಾಲದ್ದೆಂದು ನಿರ್ಣಯಿಸಲಾಗದು.

ಇದಕ್ಕಿಂತ ಗಹನವಾದ ತೊಡಕು ಇನ್ನೊಂದುಂಟು. ಸಂಗ್ರಾಹಕನು ಮುಕ್ಕಾಗದ, ಗೀರು ಬೀಳದ ತಟ್ಟೆಯನ್ನು ಅರಸುತ್ತಾನೆ. ವಿರಳವಾದುದಕ್ಕೆ ಹೆಚ್ಚು ಬೆಲೆ ಕೊಡುತ್ತಾನೆ. ಗುಲಾಬಿ ‘ಮೇಫೇರ್’ ಸಕ್ಕರೆ ಬೋಗುಣಿಯ ಮುಚ್ಚಳಕ್ಕೆ ಅಪಾರ ಬೆಲೆ ಬಂದಿರುವುದು ಅದು ದುರ್ಲಭವಾದ ಕಾರಣದಿಂದಲೇ. ಇತಿಹಾಸಕಾರನಿಗೆ ಬೇಕಾದುದು ಇದಕ್ಕೆ ವಿರುದ್ಧವಾದುದು. ಗೀರಿಲ್ಲದ ತಟ್ಟೆಯೆಂದರೆ ಬಹುಮಟ್ಟಿಗೆ ಯಾರೂ ಉಣ್ಣದೆ ಎತ್ತಿಟ್ಟ ತಟ್ಟೆ. ಚಾಕುವಿನ ಗೀರುಗಳೂ, ಅಂಚಿನ ಮುಕ್ಕೂ, ಒಂದಕ್ಕೊಂದು ಹೊಂದದ ಬಟ್ಟಲುಗಳೂ ನಿತ್ಯದ ಬಳಕೆಯ ಗುರುತುಗಳು. ಅಂತಹ ಪಾತ್ರೆಗಳು ಸಂಗ್ರಹದಿಂದ ಹೊರಗುಳಿದಷ್ಟೂ ಆ ಕಾಲದ ಬಡತನವು ಸುಂದರವಾಗಿ ಕಾಣತೊಡಗುತ್ತದೆ.

ಆದುದರಿಂದ ಸಂಗ್ರಹವೊಂದರ ಮುಂದೆ ನಿಂತಾಗ ಅಲ್ಲಿ ಏನಿದೆಯೆಂದು ಕೇಳಿದರಷ್ಟೇ ಸಾಲದು. ಆಯ್ದವರು ಯಾರು, ಬಿಟ್ಟುದು ಯಾವುದು ಎಂದೂ ವಿದ್ಯಾರ್ಥಿಗಳು ವಿಚಾರಿಸಬೇಕು. ಕಡತಗಳಿಗೆ ನಾವು ಅನ್ವಯಿಸುವ ಈ ಪ್ರಶ್ನೆಗಳು ತಟ್ಟೆಗೂ ಸಲ್ಲುತ್ತವೆ.