ಹೆಡ್ ಗ್ಯಾಸ್ಕೆಟ್ ಬದಲಾವಣೆ
ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ನಡುವಿನ, ಒಡೆದುಹೋದ ತೆಳು ಮುಚ್ಚುಪದರವನ್ನು ಬದಲಿಸುವ ದುರಸ್ತಿ. ಒಡೆದ ಗ್ಯಾಸ್ಕೆಟ್ಟಿನ ಕುರುಹುಗಳು: ಎಂಜಿನ್ ಅತಿಯಾಗಿ ಕಾಯುವುದು, ಬಿಳಿ ಹೊಗೆ, ಹಾಲುಬಣ್ಣಕ್ಕೆ ತಿರುಗಿದ ಆಯಿಲ್.

ಗ್ಯಾಸ್ಕೆಟ್ ಒಡೆಯುವ ದೋಷಕ್ಕೆ ಜಪಾನಿನ ಹೆಸರಾಂತ ಉದಾಹರಣೆ, 1986ರ ಟೊಯೋಟಾ ಸುಪ್ರಾ ಪೀಳಿಗೆಯ 3 ಲೀಟರ್ ಟರ್ಬೊ ಎಂಜಿನ್ 7ಎಂ-ಜಿಟಿಇ. ಇದರ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಕಾವಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಹೆಡ್ ಬೋಲ್ಟುಗಳ ಬಿಗಿತ ಸಾಲದಿದ್ದುದೇ ದೋಷಕ್ಕೆ ಮುಖ್ಯ ಕಾರಣವೆಂಬುದು ಮೆಕ್ಯಾನಿಕ್‌ಗಳಲ್ಲಿ ರೂಢವಾದ ಅಭಿಪ್ರಾಯ.

ದುರಸ್ತಿಗೆ ಕೂಲಂಟ್ ಬಸಿದು, ಹೆಡ್ ಕಳಚಿ, ಅದು ಸೊಟ್ಟಗಾಗಿದೆಯೇ ಎಂದು ನೇರಪಟ್ಟಿಯಿಂದ ಪರೀಕ್ಷಿಸಬೇಕು. ಬಹುಪದರದ ಉಕ್ಕಿನ ಗ್ಯಾಸ್ಕೆಟ್ ಹೆಚ್ಚು ಬಾಳುತ್ತದೆ. ಆದರೆ ಬ್ಲಾಕ್, ಹೆಡ್ ಎರಡರ ಮೇಲ್ಮೈಗಳೂ ನುಣುಪಾಗಿರಲೇಬೇಕು. ಬೋಲ್ಟುಗಳನ್ನು ನಡುವಿನಿಂದ ಅಂಚಿನತ್ತ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ ಬಿಗಿಯಬೇಕು.