ಸಂಧಾನವೆಂಬ ವಿದ್ಯೆ: ಬೆಳ್ಗೊಳದಿಂದ ಚೆನ್ನೈವರೆಗೆ

“ಗೆದ್ದವನು ಸೋತ, ಸೋತವನು ಸತ್ತ” ಎಂಬುದು ವ್ಯಾಜ್ಯಕ್ಕಿಳಿದವರನ್ನು ಕುರಿತು ನಮ್ಮ ಹಿರಿಯರು ಆಡಿದ ಗಾದೆ. ಕೋರ್ಟಿನ ತೀರ್ಪು ಆಸ್ತಿಯ ಮೇರೆಯನ್ನು ಗೊತ್ತುಮಾಡಬಲ್ಲುದು. ಮರುದಿನ ಅದೇ ಬೀದಿಯಲ್ಲಿ ಎದುರಾಗುವ ಇಬ್ಬರ ಮನಸ್ಸನ್ನು ಕೂಡಿಸಲಾರದು. ಆ ಕೆಲಸಕ್ಕೆ ಸಂಧಾನವೆಂಬ ಬೇರೆಯೊಂದು ವಿದ್ಯೆಯೇ ಬೇಕು. ಕನ್ನಡಿಗರಿಗೆ ಅದು ಹೊಸದಲ್ಲ.

1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಒಂದು ದೂರು ಬಂದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬಿನ್ನವಿಸಿಕೊಂಡರು. ಮುಂದೆ ನಡೆದುದನ್ನು ಶ್ರವಣಬೆಳ್ಗೊಳದ ಶಾಸನ ವಿವರವಾಗಿ ತಿಳಿಸುತ್ತದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ರಾಯನು ಜೈನರ ಕೈ ಹಿಡಿದು ಅವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕುದೆಂದಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ರಾಜಾಜ್ಞೆ ಮಾತ್ರವಾಗುತ್ತಿತ್ತು. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡುವುದು. ತಿರುಮಲೆಯ ತಾತಯ್ಯನು ಅದರಿಂದ ಬೆಳ್ಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸಿ ಸುಣ್ಣ ಬಳಿಸುವುದು ಎಂದು ಏರ್ಪಾಟಾಯಿತು. ಯಾರ ಮೇಲೆ ದೂರಿತ್ತೋ ಅವರ ಹಿರಿಯನಿಗೇ ರಕ್ಷಣೆಯ ಹೊಣೆ! ಕೊನೆಗೆ ಎರಡು ಸಮಯದವರೂ ಕೂಡಿ ಕಲ್ಲೆಹದ ಬುಸುವಿಸೆಟ್ಟಿಗೆ ಸಂಘನಾಯಕ ಪಟ್ಟ ಕಟ್ಟಿದರು.

ನಾವಿರುವ ಊರಿನ ಚರಿತ್ರೆಯಲ್ಲಿ ಬೇರೊಂದು ಬಗೆಯ ಪರಿಹಾರವನ್ನು ಕಾಣುತ್ತೇವೆ. ಬಲಗೈ ಎಡಗೈ ಜಾತಿಗಳ ಕಲಹ 1652ರಲ್ಲೂ 1707ರಲ್ಲೂ ಮದರಾಸನ್ನು ಕಂಗೆಡಿಸಿತು. ಯಾರ ಮದುವೆಯ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕೆಂಬಂತಹ ವಿವಾದಗಳು ಅವು. ಕಂಪೆನಿಯವರು ಬೀದಿಗಳನ್ನು ಹಂಚಿಕೊಟ್ಟರು. ಗಲಭೆಯೇನೋ ನಿಂತಿತು, ಆದರೆ ಆ ಶತಮಾನದಲ್ಲಿ ಮತ್ತೆ ಮತ್ತೆ ಮರುಕಳಿಸಿತು. ಬೀದಿಯನ್ನು ಬೇರ್ಪಡಿಸುವುದಕ್ಕೂ ಕೈಯನ್ನು ಕೂಡಿಸುವುದಕ್ಕೂ ಇರುವ ಅಂತರ ಇಷ್ಟು.

ಕಾವೇರಿಯ ಹೆಸರೇ ಹೊರನಾಡ ಕನ್ನಡಿಗರ ಎದೆ ನಡುಗಿಸಿದ ದಿನಗಳುಂಟು. 1991ರ ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು. ತಮಿಳುನಾಡಿನ ಕನ್ನಡಿಗರೂ ಅದರ ಬಿಸಿಯನ್ನುಂಡರು. ಎರಡೂ ಕಡೆ ಪೆಟ್ಟು ತಿಂದವರು ನದಿಯನ್ನು ತಿರುಗಿಸಿದವರಲ್ಲ. 2002ರಲ್ಲಿ ಮಳೆ ಕೈಕೊಟ್ಟು ಜಗಳ ಮತ್ತೆ ಹೊಗೆಯಾಡಿದಾಗ, 2003ರ ಏಪ್ರಿಲ್‌ನಲ್ಲಿ, ಇದೇ ಚೆನ್ನೈಯಲ್ಲಿ ಎರಡು ರಾಜ್ಯಗಳ ರೈತರು ಎದುರುಬದುರು ಕುಳಿತರು. ಮದರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅವರ ಪ್ರಯತ್ನ ಅದು. ಮಂಡ್ಯದ ಕೆ. ಎಸ್. ಪುಟ್ಟಣ್ಣಯ್ಯ, ಮನ್ನಾರ್‌ಗುಡಿಯ ರಂಗನಾಥನ್ ಮೊದಲಾದ ರೈತಮುಖಂಡರು ಸೇರಿದ ಆ ಕೂಟ ‘ಕಾವೇರಿ ಕುಟುಂಬ’ವೆನಿಸಿತು. ಒಬ್ಬರ ಗದ್ದೆ, ನಾಲೆಗಳನ್ನು ಮತ್ತೊಬ್ಬರು ಹೋಗಿ ಕಣ್ಣಾರೆ ಕಂಡರು. ನೀರಿನ ಲೆಕ್ಕ ಅವರಿಂದ ಇತ್ಯರ್ಥವಾಗಲಿಲ್ಲ. ಅದಕ್ಕೆ 2007ರ ನ್ಯಾಯಮಂಡಲಿಯ ತೀರ್ಪೂ 2018ರ ಸುಪ್ರೀಂ ಕೋರ್ಟಿನ ತೀರ್ಪೂ ಬೇಕಾದುವು. ಆದರೆ ಎದುರಿಗಿರುವವನೂ ಸಾಲಗಾರ ರೈತನೇ ಎಂಬುದನ್ನು ಯಾವ ತೀರ್ಪು ತಾನೇ ತೋರಿಸಬಲ್ಲುದು?

ಈಗ ಈ ವಿದ್ಯೆಯನ್ನು ಕ್ರಮವಾಗಿ ಕಲಿಸುತ್ತಾರೆ. 2005ರ ಏಪ್ರಿಲ್ 9ರಂದು ಮದರಾಸು ಹೈಕೋರ್ಟಿನಲ್ಲಿ ತೆರೆದ ಮಧ್ಯಸ್ಥಿಕೆ ಕೇಂದ್ರವು ದೇಶದಲ್ಲಿ ನ್ಯಾಯಾಲಯಕ್ಕೆ ಸೇರಿದ ಮೊದಲ ಕೇಂದ್ರ. ಹಿರಿಯ ವಕೀಲ ಶ್ರೀರಾಮ್ ಪಂಚು ಅದನ್ನು ಕಟ್ಟಿದವರಲ್ಲಿ ಪ್ರಮುಖರು. 2007ರಲ್ಲಿ ಬೆಂಗಳೂರಿನಲ್ಲೂ ಕೇಂದ್ರ ತೆರೆಯಿತು. ನ್ಯಾಯಾಲಯದ ಮಧ್ಯಸ್ಥರಿಗೆ ಸಾಮಾನ್ಯವಾಗಿ ನಲವತ್ತು ಗಂಟೆಗಳ ಶಿಕ್ಷಣ. ಎರಡು ಪಕ್ಷದವರ ಮಾತನ್ನೂ ತಡೆಯದೆ ಕೇಳುವುದು, ಕೇಳಿದ್ದನ್ನು ಕಟುವಿಲ್ಲದೆ ತಿರುಗಿ ಹೇಳುವುದು, ಬೇಕಾದಲ್ಲಿ ಒಬ್ಬೊಬ್ಬರೊಡನೆ ಏಕಾಂತದಲ್ಲಿ ಮಾತಾಡುವುದು, ಆ ಗುಟ್ಟನ್ನು ಕಾಪಾಡುವುದು, ಹಟದ ಹಿಂದಿರುವ ನಿಜವಾದ ಅಗತ್ಯವನ್ನು ಹುಡುಕುವುದು: ಪಾಠಗಳು ಇವೇ. ಕೃಷ್ಣನು ಪಾಂಡವರ ದೂತನಾಗಿ ಹೋದನು. ಮಧ್ಯಸ್ಥನು ಯಾರ ದೂತನೂ ಅಲ್ಲ, ತೀರ್ಪು ಕೊಡುವವನೂ ಅಲ್ಲ. ಒಪ್ಪಂದ ಪಕ್ಷದವರದೇ.

ನೆರೆಹೊರೆಯ ಶಾಂತಿಗೆ ಭಂಗ ತರುವ ಜಗಳಗಳನ್ನು, ಉಭಯರ ಒಪ್ಪಿಗೆಯಿಂದ, ಮೂವರು ಮಧ್ಯಸ್ಥರ ಮಂಡಲಿಯ ಮುಂದಿಡುವ ವಿಧಿಯನ್ನು 2023ರ ಮಧ್ಯಸ್ಥಿಕೆ ಅಧಿನಿಯಮ ಹೇಳಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬೆಳೆದ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ತಕ್ಕವರು ಯಾರು? ನಾಟಕ, ಸಂಗೀತಗಳಿಗೆ ಅಭ್ಯಾಸ ಏರ್ಪಡಿಸುವ ನಮ್ಮ ಸಂಘಗಳು ಈ ವಿದ್ಯೆಗೂ ಕೆಲವು ಭಾನುವಾರಗಳನ್ನು ಮೀಸಲಿಡಲಿ. ಮುಂದೆ ಮಳೆ ತಪ್ಪಿದ ವರ್ಷದಲ್ಲಿ, ಪಕ್ಕದ ಮನೆಯವರೊಡನೆ ಮೊದಲು ಮಾತಾಡುವವರು ನಾವಾಗಿರೋಣ.