ಸಂತೆ ಹೊಂಡಕ್ಕೆ ಯಾರೂ ಬೇರೆ ನೀರು ಹೊರಲಿಲ್ಲ

ಮೊನ್ನೆ ಊರಿಗೆ ಹೋದವನು ಬೆಳಿಗ್ಗೆ ಬೆಳಿಗ್ಗೆನೇ ಜೋಗಿಮಟ್ಟಿ ಹತ್ತಿದ್ದೆ. ಮಂಜು ಸರಿಯುತ್ತಾ ಬಂದಂತೆ ಗುಡ್ಡದ ಸಾಲು, ಗಾಳಿಯಂತ್ರಗಳು ಒಂದೊಂದಾಗಿ ಕಾಣತೊಡಗಿದವು. ಅಂಥಾ ಜಾಗದಲ್ಲಿ ಕೂತು ನಾನು ಯೋಚಿಸಿದ್ದೇನು ಅಂತೀರಾ? ಜಾವಾಸ್ಕ್ರಿಪ್ಟ್! ನಗಬೇಡಿ, ಹೊಟ್ಟೆಪಾಡು :)

ಯೋಚನೆಗೆ ಕಾರಣ ಒಂದು ಹಳೇ ತಪ್ಪು. ನಾಲ್ಕೈದು ವರ್ಷದ ಹಿಂದೆ, ಆಗಿದ್ದ ಕೆಲಸದಲ್ಲಿ, ಗೋದಾಮಿನ ದಾಸ್ತಾನು ತೋರಿಸುವ ಒಂದು ಪುಟ್ಟ ಪುಟ ಮಾಡಬೇಕಿತ್ತು. ನಾನು ಹಟ ಹಿಡಿದು ಅದಕ್ಕೆ ರಿಡಕ್ಸ್ ಹಾಕಿಸಿದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ "ಇಷ್ಟಕ್ಕೆ ಇಪ್ಪತ್ತು ಸಾಲು ಸಾಕಲ್ವಾ ಸಾರ್?" ಅಂತ ಬರೆದು ತೋರಿಸಿದ. "ಅದೆಲ್ಲ ಆಟದ ಸಾಮಾನು" ಅಂದುಬಿಟ್ಟೆ, ಎಲ್ಲರ ಮುಂದೆ.

ಈ ಉದ್ಯೋಗದಲ್ಲಿ ಇಲ್ಲದವರಿಗೆ ಒಂದು ಮಾತು. ವೆಬ್ ಪುಟ ನೆನಪಿಟ್ಟುಕೊಳ್ಳುವ ಸಂಗತಿಗಳಿಗೆ ನಾವು ಸ್ಟೇಟ್ ಅನ್ನುತ್ತೇವೆ. ಯಾವ ಡಬ್ಬಿಗೆ ಟಿಕ್ ಬಿತ್ತು, ಬುಟ್ಟಿಯಲ್ಲಿ ಎಷ್ಟು ಸಾಮಾನಿದೆ, ಇಂಥವು. ಅದು ಬದಲಾದ ತಕ್ಷಣ ತೆರೆಯೂ ತಾನಾಗಿ ಬದಲಾಗಬೇಕು. ಇದೇನು ಹೊಸ ಆಸೆಯಲ್ಲ. 1979ರಲ್ಲಿ ಬ್ರಿಕ್ಲಿನ್ ಮತ್ತು ಫ್ರಾಂಕ್‌ಸ್ಟನ್ ಮಾಡಿದ ವಿಸಿಕ್ಯಾಲ್ಕ್‌ನಲ್ಲೇ ಒಂದು ಮನೆಯ ಅಂಕಿ ತಿದ್ದಿದರೆ ಮೊತ್ತದ ಮನೆ ತಾನೇ ತಿದ್ದಿಕೊಳ್ಳುತ್ತಿತ್ತು. 2010ರಲ್ಲಿ ಸ್ಟೀವ್ ಸ್ಯಾಂಡರ್‌ಸನ್ ನಾಕ್‌ಔಟ್ ಮೂಲಕ ಅದೇ ಗುಣವನ್ನು ವೆಬ್ ಪುಟಕ್ಕೆ ತಂದರು. ಯಾವ ಲೆಕ್ಕ ಯಾವ ಅಂಕಿಯನ್ನು ನಂಬಿದೆ ಎಂಬುದನ್ನು ಅದು ತಾನೇ ಗುರುತಿಟ್ಟುಕೊಳ್ಳುತ್ತಿತ್ತು.

ಹಾಗಾದರೆ ಭಾರದ ಯಂತ್ರಗಳು ಬಂದದ್ದು ಯಾಕೆ? ಅದಕ್ಕೂ ನ್ಯಾಯವಾದ ಕಾರಣ ಇತ್ತು. ಫೇಸ್‌ಬುಕ್‌ನಲ್ಲಿ ಹೊಸ ಸಂದೇಶ ಬಂದಿದೆ ಅಂತ ಸಂಖ್ಯೆ ತೋರಿಸುತ್ತಿತ್ತು, ಒತ್ತಿ ನೋಡಿದರೆ ಏನೂ ಇರುತ್ತಿರಲಿಲ್ಲ. ಸರಿಮಾಡಿದರೂ ಮತ್ತೆ ಮತ್ತೆ ಬರುತ್ತಿತ್ತಂತೆ. 2014ರಲ್ಲಿ ಅಲ್ಲಿನ ಎಂಜಿನಿಯರ್ ಜಿಂಗ್ ಚೆನ್ ಈ ಕತೆ ಹೇಳಿಯೇ ಫ್ಲಕ್ಸ್ ಅನ್ನು ಪರಿಚಯಿಸಿದರು. ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯಬೇಕು ಅನ್ನುವುದು ಅದರ ನಿಯಮ. ಮರುವರ್ಷ ಡ್ಯಾನ್ ಅಬ್ರಮೋವ್ ಮತ್ತು ಆಂಡ್ರ್ಯೂ ಕ್ಲಾರ್ಕ್ ಅದನ್ನು ಸರಳಗೊಳಿಸಿ ರಿಡಕ್ಸ್ ಮಾಡಿದರು. ನಿಜ ಹೇಳಬೇಕೆಂದರೆ ರಿಡಕ್ಸ್ ತೀರಾ ಚಿಕ್ಕದು, ಭಾರ ಇದ್ದದ್ದು ಅದರ ಸುತ್ತ ನಾವು ಮಾಡುತ್ತಿದ್ದ ಶಾಸ್ತ್ರಗಳಲ್ಲಿ. ಒಂದು ಟಿಕ್ ಡಬ್ಬಿಗೆ ನಾಲ್ಕು ಫೈಲು! ಅಬ್ರಮೋವ್ ಅವರೇ 2016ರಲ್ಲಿ "ನಿಮಗಿದು ಬೇಕಾಗದೆಯೂ ಇರಬಹುದು" ಅಂತ ಲೇಖನ ಬರೆದರು. ನಾನು ಓದಿದ್ದೆ. ಕೇಳಲಿಲ್ಲ, ಅಷ್ಟೇ.

ಆಮೇಲೆ ಹಗುರದವು ಸಾಲುಗಟ್ಟಿದವು. 2019ರಲ್ಲಿ ಝುಸ್ಟಾಂಡ್, 2020ರಲ್ಲಿ ಜೋಟಾಯ್ ಮತ್ತು ವಾಲ್ಟಿಯೊ. ಮೊದಲನೆಯದು ಜರ್ಮನ್ನಿನಲ್ಲಿ, ಎರಡನೆಯದು ಜಪಾನಿಯಲ್ಲಿ 'ಸ್ಥಿತಿ'. ಮೂರನೆಯದು ಫಿನ್ನಿಷ್, ಆದರೆ ಅದರರ್ಥ ದೇಶ-ರಾಜ್ಯ ಅನ್ನುವಾಗಿನ ಸ್ಟೇಟ್! ಕನ್ನಡದಲ್ಲಿ 'ರಾಜ್ಯ' ಅಂತ ಒಂದು ಮಾಡಿದರೆ ಹೇಗೆ? ಇರಲಿ. 2022ರಲ್ಲಿ ಪ್ರಿಯಾಕ್ಟ್, 2023ರಲ್ಲಿ ಆಂಗ್ಯುಲರ್ ಸಿಗ್ನಲ್‌ಗಳನ್ನು ತಂದವು. 2024ರಲ್ಲಿ ಅವನ್ನು ಜಾವಾಸ್ಕ್ರಿಪ್ಟ್ ಭಾಷೆಗೇ ಸೇರಿಸುವ ಪ್ರಸ್ತಾಪ ಬಂತು. ಬಿಚ್ಚಿ ನೋಡಿದರೆ ಒಳಗೆ ನಾಕ್‌ಔಟ್‌ನ ಅದೇ ಹಳೇ ಉಪಾಯ.

ಈಗ ನನ್ನ ಗೋದಾಮಿಗೆ ಬರೋಣ. ಆರು ತಿಂಗಳಾದ ಮೇಲೆ ಗಿರಾಕಿ ಕಡೆಯ ಗುಮಾಸ್ತರು ಫೋನ್ ಮಾಡಿದರು. ಪಟ್ಟಿಯಲ್ಲಿ 43 ಚೀಲ, ಮೇಲಿನ ಮೊತ್ತದಲ್ಲಿ 46. ಮೂರು ಚೀಲ ಎಲ್ಲಿ ಹೋಯಿತು ಅಂತ ಅವರ ಮೇಲೇ ಅನುಮಾನ ಬಂದಿತ್ತು ಪಾಪ. ತಪ್ಪು ನನ್ನದು. ಪಟ್ಟಿಯಿಂದ ಎಣಿಸಬೇಕಾದ ಮೊತ್ತವನ್ನು ನಾನು ಬೇರೆಯಾಗಿ ಸ್ಟೋರಿನಲ್ಲಿ ಇಟ್ಟಿದ್ದೆ. ಒಂದು ಕಡೆ ಪಟ್ಟಿಯಿಂದ ತೆಗೆದು, ಮೊತ್ತದಿಂದ ಕಳೆಯಲು ಮರೆತಿದ್ದೆ. ಫೇಸ್‌ಬುಕ್ಕಿನವರನ್ನು ಕಾಡಿದಂಥದೇ ತಪ್ಪು ಲೆಕ್ಕ, ಅದರ ಔಷಧಿಯನ್ನೇ ಕುಡಿದವನಿಗೂ ಬಂತು. ಹುಡುಗನ ಇಪ್ಪತ್ತು ಸಾಲಿನಲ್ಲಿ ಮೊತ್ತ ಅನ್ನುವ ಸ್ಟೇಟೇ ಇರಲಿಲ್ಲ, ಬೇಕಾದಾಗ ಎಣಿಸುತ್ತಿತ್ತು.

ಜೋಗಿಮಟ್ಟಿಯಿಂದ ಇಳಿದು ಸಂಜೆ ಕೋಟೆಗೆ ಹೋದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಚಿಕ್ಕಂದಿನಿಂದ ನೋಡಿದ್ದೇ. ಮಳೆ ಬೀಳುವುದು ಮೇಲೆ, ಕೆಳಗಿನದೆಲ್ಲ ಹರಿದು ಬಂದದ್ದು. ಸಂತೆ ಹೊಂಡಕ್ಕೆ ಅಂತ ಯಾರೂ ಕೊಡದಲ್ಲಿ ನೀರು ಹೊರಲಿಲ್ಲ.

ಮೆಟ್ಟಿಲ ಮೇಲೆ ಕೂತು ಆ ಹುಡುಗನಿಗೆ ಮೆಸೇಜ್ ಹಾಕಿದೆ. ಅವತ್ತು ನೀನು ಹೇಳಿದ್ದೇ ಸರಿ ಕಣಪ್ಪಾ, ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು ಅಂತ. ಈಗ ಬೇರೆಲ್ಲೋ ದೊಡ್ಡ ಕೆಲಸದಲ್ಲಿದ್ದಾನೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಪರ್ವಾಗಿಲ್ಲ ಸಾರ್. ಆ ನಾಲ್ಕು ಫೈಲ್ ಡಿಲೀಟ್ ಮಾಡಿದ್ರಾ?"